ಎಲ್ಲರೂ ಬಲಕ್ಕೆ ನೋಡಿದ ಫೋಟೋ

ನನಗೊಂದು ಕೆಟ್ಟ ಚಾಳಿಯಿದೆ. ಯಾರಾದರೂ ನನ್ನೆದುರು ಕ್ಯಾಮರಾ ಹಿಡಿದರೆ ಸಾಕು, ಕಣ್ಣು ತಾನಾಗಿಯೇ ಬಲಕ್ಕೆ ಹೊರಳುತ್ತದೆ. ನನ್ನ ಮದುವೆಯ ಫೋಟೋದಲ್ಲಿ ಹೆಂಡತಿ ಎಡಗಡೆ ಕೂತಿದ್ದಾಳೆ, ನಾನು ಬಲಗಡೆ ನೋಡುತ್ತಿದ್ದೇನೆ. ಅಲ್ಲಿ ಯಾರಿದ್ದರು ಎಂದು ಅವಳು ಮೂವತ್ತು ವರ್ಷಗಳಿಂದ ಕೇಳುತ್ತಲೇ ಇದ್ದಾಳೆ. ಅಡಿಗೆಯವರ ಬಾಣಲೆಯೊಂದು ಬಿಟ್ಟರೆ ಅತ್ತ ಕಡೆ ಬೇರೇನೂ ಇರಲಿಲ್ಲವೆಂದು ನಾನು ಆಣೆ ಮಾಡಿ ಹೇಳಿದ್ದೇನೆ. ಹಾಗಾದರೆ ಮದುವೆಯ ಹೊತ್ತಿನಲ್ಲೂ ನಿಮಗೆ ಜಿಲೇಬಿಯದೇ ಚಿಂತೆಯೋ ಎಂದು ಅವಳು ಇನ್ನೊಂದು ಪ್ರಶ್ನೆ ತೆಗೆಯುತ್ತಾಳೆ. ಇದಕ್ಕಿಂತ ಮೊದಲಿನ ಅನುಮಾನವೇ ನನ್ನ ಮರ್ಯಾದೆಗೆ ಒಳ್ಳೆಯದಿತ್ತು ಎಂದು ನನಗೆ ಅನಿಸುವುದುಂಟು.

ಮೊನ್ನೆ ಪಕ್ಕದ ಮನೆಯ ಹುಡುಗ ತನ್ನ ಶಾಲೆಯ ಕಬಡ್ಡಿ ಆಟದ ಫೋಟೋಗಳನ್ನು ತಂದು ತೋರಿಸಿದ. ನೋಡಿ ಬೆರಗಾದೆ. ಒಬ್ಬನ ಎರಡೂ ಕಾಲು ನೆಲಬಿಟ್ಟು ಮೇಲಿವೆ. ಇನ್ನೊಬ್ಬನ ಕೈಯಿಂದ ಹಾರಿದ ಮಣ್ಣು ಗಾಳಿಯಲ್ಲಿ ಹಾಗೇ ನಿಂತಿದೆ. ಇವನು ಇಷ್ಟು ಹೊತ್ತು ಮೇಲೆ ಹೇಗೆ ನಿಂತ ಎಂದು ಕೇಳಿದೆ. ಹುಡುಗ ನನ್ನ ಮುಖವನ್ನು ಕನಿಕರದಿಂದ ನೋಡಿ, ನಿಲ್ಲಬೇಕಾಗಿಲ್ಲ ಅಜ್ಜ, ಕ್ಯಾಮರಾ ಅಷ್ಟು ಬೇಗ ಹಿಡಿಯುತ್ತದೆ ಎಂದ. ಅವನ ಮಾತು ನಿಜವೇ. ಆದರೆ ನಮ್ಮ ಕಾಲದ ಕ್ಯಾಮರಾಕ್ಕೆ ದೇವರು, ಕಲ್ಲು ಮತ್ತು ಕುರ್ಚಿಯಲ್ಲಿ ಕೂತ ಮಾಮಲೇದಾರರು, ಇಷ್ಟೇ ದಕ್ಕುತ್ತಿದ್ದವು. ಓಡುವ ಹುಡುಗರನ್ನು ತೆಗೆದರೆ ಪ್ಲೇಟಿನ ಮೇಲೆ ಬರೀ ಮಂಜು ಬೀಳುತ್ತಿತ್ತು. ಆಟದ ಫೋಟೋ ಬೇಕೆಂದರೆ ಆಟ ನಿಲ್ಲಿಸಿ, ಆಡುತ್ತಿರುವ ಹಾಗೆ ನಿಂತುಕೊಳ್ಳಬೇಕು. ಅಂಥದೊಂದು ಫೋಟೋದಲ್ಲಿ ನಾನೂ ನಿಂತಿದ್ದೆ. ನನ್ನ ಚಾಳಿ ಹುಟ್ಟಿದ್ದು ಅಲ್ಲಿಯೇ.

ಇದು ಮೂವತ್ತರ ದಶಕದ ನಡುವಿನ ಮಾತು. ಸಿದ್ದಾಪುರದ ಕಡೆ ಕರ ಕೊಡುವುದಿಲ್ಲವೆಂದು ಜೈಲಿಗೆ ಹೋದವರು ಮನೆಗೆ ಮರಳಿದ್ದರು. ನಾನು ಹುಲಗೋಳದಿಂದ ಬಂದು ಶಿರಸಿಯಲ್ಲಿ ಅತ್ತೆಯ ಮನೆಯಲ್ಲಿದ್ದು ಓದುತ್ತಿದ್ದೆ. ಓದುತ್ತಿದ್ದೆ ಎಂದು ಅಪ್ಪಯ್ಯ ತಿಳಿದಿದ್ದರು. ನಾನು ಮಾಡುತ್ತಿದ್ದುದು ಮುಖ್ಯವಾಗಿ ಹುತುತು ಆಟ. ಈಗ ಅದಕ್ಕೆ ಕಬಡ್ಡಿ ಎನ್ನುತ್ತಾರೆ. ಆಗ ಒಂದು ಕಡೆಗೆ ಒಂಬತ್ತು ಮಂದಿ. ಹೋಗಿ ಮುಟ್ಟಿ ಬರುವವನು ಒಂದೇ ಉಸಿರಿನಲ್ಲಿ ‘ಹುತುತುತು’ ಎನ್ನುತ್ತ ಎದುರಾಳಿಗಳ ಅಂಗಳಕ್ಕೆ ನುಗ್ಗಬೇಕು, ಆ ಉಸಿರು ಮುಗಿಯುವುದರೊಳಗೆ ನಡುಗೆರೆಗೆ ಮರಳಬೇಕು. ನಮ್ಮಲ್ಲಿ ಹಾಗೆ ಹೋಗುವವನು ತ್ಯಾಗಲಿಯ ಗಣಪತಿ. ಅವನ ಉಸಿರು ಎಲ್ಲಿಗೆ ಮುಗಿಯುತ್ತದೆಂದು ಕಂಡವರಿಲ್ಲ. ನಾನು ಎಡಮೂಲೆಯಲ್ಲಿ ನಿಂತು ಬಂದವರ ಹಿಮ್ಮಡಿ ಹಿಡಿಯುವವನು. ಹಿಡಿದದ್ದಕ್ಕಿಂತ ಬಿಟ್ಟದ್ದೇ ಹೆಚ್ಚು.

ಶಾಲೆಯಲ್ಲಿ ಡ್ರಿಲ್ ಮಾಸ್ತರರೊಬ್ಬರಿದ್ದರು. ಮೊಣಕಾಲಿನ ನೋವಿನಿಂದ ಅವರು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಒಳ್ಳೆಯ ಮನುಷ್ಯರು. ಕೊರಳಲ್ಲಿ ಸೀಟಿ ಕಟ್ಟಿಕೊಂಡಿರುತ್ತಿದ್ದರು, ಊದಿದ್ದನ್ನು ನಾನು ಕೇಳಿದ್ದು ಕಡಿಮೆ. ನಮಗೆ ನಿಜವಾಗಿ ಆಟ ಕಲಿಸಿದವರು ಖಾದರ ಸಾಬರು. ಅವರು ಶಾಲೆಯವರಲ್ಲ. ಹುಬ್ಬಳ್ಳಿಯಿಂದ ಎಕ್ಕಂಬಿಯ ಮೇಲೆ ಶಿರಸಿಗೆ ಬರುವ ಸರ್ವಿಸ್ ಮೋಟಾರಿನ ಡ್ರೈವರು. ಸಂಜೆ ಪೇಟೆಯಲ್ಲಿ ಜನರನ್ನು ಇಳಿಸಿ, ಮೋಟಾರು ತೊಳೆಯುವುದಕ್ಕೆಂದು ಊರಾಚೆಯ ಕೆರೆಗೆ ತರುತ್ತಿದ್ದರು. ಕೆರೆಯ ಪಕ್ಕದಲ್ಲೇ ನಮ್ಮ ಬಯಲು. ಒಂದು ದಿನ ಬಕೆಟ್ಟು ಕೆಳಗಿಟ್ಟು ನಮ್ಮ ಆಟ ನೋಡುತ್ತ ನಿಂತರು. ಕೊನೆಗೆ ತಡೆಯಲಾರದೆ ನನ್ನನ್ನು ಕರೆದು, “ಹೆಗಡೇರ, ನಿಮ್ಮ ಕಾಲಿಗೆ ಯಾರರ ಮೊಳಿ ಹೊಡದಾರೇನ್ರಿ?” ಎಂದರು.

ಅವರು ಮುಂಡಗೋಡದ ಕಡೆಯವರು. ಮಾತು ಧಾರವಾಡದತ್ತ ವಾಲುತ್ತಿತ್ತು. ಹದಿಮೂರು ವರ್ಷದ ಹುಡುಗರನ್ನೂ ಬೈಯುವಾಗ ಹೆಗಡೇರ, ಭಟ್ಟರ ಎಂದು ಬಹುವಚನದಲ್ಲೇ ಬೈಯುತ್ತಿದ್ದರು. ಅಷ್ಟು ಮರ್ಯಾದೆಯ ಬೈಗುಳ ನನಗೆ ಆಮೇಲೆ ಯಾವ ಕಚೇರಿಯಲ್ಲೂ ಸಿಗಲಿಲ್ಲ. ಮೋಟಾರಿನ ಸದ್ದಿನಲ್ಲಿ ದಿನವಿಡೀ ಕೂತು ಬಂದವರಿಗೆ ಕೂಗಿ ಹೇಳುವುದು ಬೇಡವಾಗಿತ್ತೋ ಏನೋ, ಆಟ ಶುರುವಾದ ಮೇಲೆ ಅವರು ಬಾಯಿ ತೆರೆಯುತ್ತಿರಲಿಲ್ಲ. ಮೋಟಾರಿನ ಮೆಟ್ಟಿಲ ಮೇಲೆ ನಿಂತು ಹೆಗಲ ಟವೆಲನ್ನು ಕೈಗೆ ತೆಗೆದುಕೊಳ್ಳುತ್ತಿದ್ದರು. ಟವೆಲು ಮೇಲಿದ್ದರೆ ಕಾಯಬೇಕು. ಇಳಿಸಿದರೆ ಒಂಬತ್ತೂ ಮಂದಿ ಒಟ್ಟಿಗೆ ಮೇಲೆ ಬೀಳಬೇಕು. ಕಣ್ಣಂಚಿನಿಂದ ಟವೆಲು ನೋಡುತ್ತ, ಎದುರಾಳಿಯನ್ನೂ ನೋಡುತ್ತ ಆಡುವುದನ್ನು ನಾವು ಆರು ತಿಂಗಳಲ್ಲಿ ಕಲಿತೆವು.

ಹಾಗಾದರೆ ಮೋಟಾರು ತೊಳೆಯುವವರು ಯಾರು? ನಾವೇ. ಅದು ನಮ್ಮೊಳಗಿನ ಒಪ್ಪಂದ. ಹೊತ್ತು ಮುಳುಗುವ ಮೊದಲು ಒಂಬತ್ತು ಮಂದಿ ಪಂಜೆ ಎತ್ತಿಕಟ್ಟಿ ಬಕೆಟ್ಟು ಹಿಡಿದರೆ, ಸಾಬರು ಒಬ್ಬರೇ ಒಂದೂವರೆ ತಾಸಿನಲ್ಲಿ ಮಾಡುವ ಕೆಲಸ ಕಾಲು ತಾಸಿಗೆ ಮುಗಿಯುತ್ತಿತ್ತು. ಮೋಟಾರಿನ ಮಾಲೀಕ ಶೇಟರಿಗೆ ಇದು ಗೊತ್ತಿರಲಿಲ್ಲ. ನಮ್ಮ ಮನೆಗಳಲ್ಲಂತೂ ಗೊತ್ತಾಗುವ ಹಾಗೇ ಇರಲಿಲ್ಲ. ಸಾಬರ ಮೋಟಾರು ತೊಳೆದು ಬಂದೆವೆಂದರೆ ಜಗಲಿ ಹತ್ತಿಸುತ್ತಿದ್ದರೇ? ನಾನು ದಿನವೂ ಕೆರೆಯ ಹತ್ತಿರ ಜಾರಿಬಿದ್ದೆನೆಂದು ಹೇಳಿ ಒದ್ದೆ ಪಂಜೆಯಲ್ಲಿ ಹಿತ್ತಿಲಿನಿಂದ ಒಳಗೆ ಬರುತ್ತಿದ್ದೆ. ಅತ್ತೆ ಒಂದು ದಿನ ತಣ್ಣಗೆ ಕೇಳಿದಳು: “ದಿನಾ ಜಾರಲೆ ಅಲ್ಲಿ ಎಂತ ಇದ್ದು ತಮಾ?” ನಾನು ಬಾವಿಕಟ್ಟೆಯ ಕಡೆ ಓಡಿ ಸ್ನಾನಕ್ಕೆ ನಿಂತೆ.

ಖಾದರ ಸಾಬರ ವಿಷಯದಲ್ಲಿ ನಮಗೊಂದು ಬಗೆಹರಿಯದ ಕುತೂಹಲವಿತ್ತು. ಅವರು ನಮ್ಮ ಅಂಗಳದ ಗೆರೆಯನ್ನು ಎಂದೂ ದಾಟುತ್ತಿರಲಿಲ್ಲ. ಸುಣ್ಣದ ಗೆರೆಯ ಹೊರಗೆ ನಿಂತು ಎಲ್ಲವನ್ನೂ ಹೇಳುವರು. ಹಿಮ್ಮಡಿ ಹೀಗೆ ಹಿಡಿ, ಸೊಂಟಕ್ಕೆ ಹೀಗೆ ಬೀಳು ಎಂದು ಕೈಯಲ್ಲೇ ತೋರಿಸುವರು. ಒಮ್ಮೆಯೂ ಒಳಗೆ ಬಂದು ಆಡಿ ತೋರಿಸಿದವರಲ್ಲ. ಏಕಿರಬಹುದು? ಎಳವೆಯಲ್ಲಿ ಅವರು ಹಿಡಿದ ಒಬ್ಬ ಹುಡುಗನ ಕಾಲು ಮುರಿದು, ಇನ್ನು ಆಡುವುದಿಲ್ಲವೆಂದು ಶಪಥ ಮಾಡಿದ್ದಾರೆ ಎಂದು ಗಣಪತಿ ಹೇಳಿದ. ಹುಬ್ಬಳ್ಳಿಯ ದೊಡ್ಡ ಪೈಲ್ವಾನರಿದ್ದರು, ನಮ್ಮಂಥವರೊಡನೆ ಆಡಿದರೆ ಹೆಸರಿಗೆ ಕಡಿಮೆ ಎಂದು ಇನ್ನೊಬ್ಬ. ನಮ್ಮನ್ನು ಮುಟ್ಟಿದರೆ ನಮ್ಮ ಮನೆಯವರ ಮಡಿಗೆ ತೊಂದರೆಯೆಂದು ದೂರ ನಿಲ್ಲುತ್ತಾರೆ ಎಂಬುದು ನನ್ನ ಅಂದಾಜು. ಅದು ನಿಜವಿರಬಹುದೆಂದು ಎಲ್ಲರಿಗೂ ನಾಚಿಕೆಯಾಗಿತ್ತು.

ಆ ವರ್ಷ ಯಲ್ಲಾಪುರಕ್ಕೆ ಹೋಗಿ ಅಲ್ಲಿಯ ಶಾಲೆಯ ಹುಡುಗರನ್ನು ಸೋಲಿಸಿ ಬಂದೆವು. ಅದರ ವರ್ಣನೆ ಮಾಡುವುದಿಲ್ಲ, ಮಾಡಿದರೆ ನನ್ನ ಕೈಯಿಂದ ಜಾರಿಹೋದ ಮೂರು ಹಿಮ್ಮಡಿಗಳ ಕಥೆಯೂ ಬರಬೇಕಾಗುತ್ತದೆ. ಹೆಡ್‌ಮಾಸ್ತರರಿಗೆ ಎಷ್ಟು ಸಂತೋಷವಾಯಿತೆಂದರೆ ಹುಬ್ಬಳ್ಳಿಯಿಂದ ಫೋಟೋದವರನ್ನು ಕರೆಸಲು ನಿಶ್ಚಯಿಸಿದರು. ನಮಗೆ ಹೊಸ ಅಂಗಿ ಹೊಲಿಸಿಕೊಟ್ಟವರು ಶೇಟರು. ಆದ್ದರಿಂದ ಅವರಿಗೆ ನಡುವಿನ ಕುರ್ಚಿ.

ಫೋಟೋಗ್ರಾಫರು ಖಾದರ ಸಾಬರ ಮೋಟಾರಿನಲ್ಲೇ ಶಾಲೆಯ ಅಂಗಳಕ್ಕೆ ಬಂದಿಳಿದರು. ಮೂರು ಕಾಲಿನ ಸ್ಟ್ಯಾಂಡು, ಕರಿಯ ಬಟ್ಟೆ, ಗಾಜಿನ ಪ್ಲೇಟುಗಳ ಪೆಟ್ಟಿಗೆ, ಎಲ್ಲವನ್ನೂ ಸಾಬರೇ ಹೊತ್ತು ತಂದರು. ಮೊದಲು ಗ್ರೂಪ್ ಫೋಟೋ. ಕುರ್ಚಿಗಳಲ್ಲಿ ಹೆಡ್‌ಮಾಸ್ತರರು, ಶೇಟರು, ಸೀಟಿಯೊಡನೆ ಡ್ರಿಲ್ ಮಾಸ್ತರರು. ಹಿಂದೆ ನಾವು. ನಿಮಗೂ ಒಂದು ಕುರ್ಚಿ ಬೇಕೆಂದು ಗಣಪತಿ ಖಾದರ ಸಾಬರ ಹತ್ತಿರ ಹೋಗಿ ಪಿಸುಗುಟ್ಟಿದ. ಅವರು ಮೆಲ್ಲಗೆ ಶೇಟರ ಕಡೆ ಕಣ್ಣು ತೋರಿಸಿ, ತಲೆ ಅಲ್ಲಾಡಿಸಿದರು. ನಮಗೆ ಆಗ ಹೊಳೆಯಿತು. ಸಂಜೆಯ ಒಂದೂವರೆ ತಾಸು ಎಲ್ಲಿ ಹೋಗುತ್ತದೆಂದು ಶೇಟರಿಗೆ ತಿಳಿದರೆ ಸಾಬರ ಕೆಲಸ ಹೋಗುತ್ತದೆ. ಮನೆಯಲ್ಲಿ ಅವರಿಗೆ ನಾಲ್ಕು ಮಕ್ಕಳು. ಹಾಗಾಗಿ ಆ ಫೋಟೋದಲ್ಲಿ ಅವರಿಲ್ಲ. ಅದರಲ್ಲಿ ನಾವೆಲ್ಲ ನೆಟ್ಟಗೆ ಮುಂದೆಯೇ ನೋಡುತ್ತಿದ್ದೇವೆ, ಹೊಸ ಅಂಗಿಯ ಗಂಜಿಗೆ ಕತ್ತು ಕೆರೆಯುತ್ತಿದ್ದರೂ.

ದೊಡ್ಡವರು ಅವಲಕ್ಕಿ, ಚಹಾ ಎಂದು ಒಳಗೆ ಹೋದರು. ಡ್ರಿಲ್ ಮಾಸ್ತರರು ಮೊಣಕಾಲು ಒತ್ತಿಕೊಳ್ಳುತ್ತ ಅಲ್ಲೇ ಉಳಿದರು. ಫೋಟೋಗ್ರಾಫರ ಬಳಿ ಒಂದು ಪ್ಲೇಟು ಉಳಿದಿತ್ತು. ಮುಂಬಯಿಯ ಪತ್ರಿಕೆಗಳಲ್ಲಿ ಬರುವಂತೆ ಆಟದ ಫೋಟೋವನ್ನೇ ತೆಗೆದು ನೋಡಬೇಕೆಂಬ ಆಸೆ ಅವರಿಗೆ ಬಹುದಿನದಿಂದ ಇತ್ತಂತೆ. ಆಡುತ್ತಿರುವ ಹಾಗೆ ನಿಲ್ಲಿ, ಮೂರು ಎಣಿಸುವತನಕ ಮಿಸುಕಬೇಡಿ ಎಂದರು. ಅಲ್ಲೇ ಸುಣ್ಣದ ಗೆರೆ ಎಳೆದು ನಿಂತೆವು. ಗಣಪತಿ ಒಂದು ಕಾಲೆತ್ತಿ ಎರಡು ಎನ್ನುವಷ್ಟರಲ್ಲಿ ಮಗುಚಿದ. ಮತ್ತೆ ನಿಂತೆವು. ಈ ಸಲ ನಾನು ಹಿಡಿದ ಹಿಮ್ಮಡಿ ನನ್ನ ಪಕ್ಕದವನದೇ ಆಗಿತ್ತು. ಯಾರ ಕೈ ಎಲ್ಲಿರಬೇಕು, ಯಾರ ಭಾರ ಯಾವ ಕಾಲಿನ ಮೇಲೆ ಎಂಬುದು ಓಡುವಾಗ ಗೊತ್ತಿತ್ತು, ನಿಂತಾಗ ಮರೆತುಹೋಯಿತು. ಆಟವೇ ಬರದವರ ಹಾಗೆ ಒಬ್ಬರಿಗೊಬ್ಬರು ತಾಗಿಕೊಂಡು ನಿಂತಿದ್ದೆವು. ಹೀಗಾದರೆ ಪ್ಲೇಟು ದಂಡ ಎಂದು ಫೋಟೋಗ್ರಾಫರು ಬಟ್ಟೆಯೊಳಗಿಂದ ತಲೆ ಹೊರಹಾಕಿದರು.

ಖಾದರ ಸಾಬರು ಮೋಟಾರಿನ ಬಳಿ ನಿಂತಿದ್ದರು. ಶೇಟರು ಹೋದ ಬಾಗಿಲನ್ನೊಮ್ಮೆ ನೋಡಿದರು, ನಮ್ಮನ್ನೊಮ್ಮೆ ನೋಡಿದರು. ಶೇಟರು ಯಾವ ಗಳಿಗೆಯಲ್ಲಿ ಬೇಕಾದರೂ ಹೊರಗೆ ಬರಬಹುದಿತ್ತು. ಆದರೆ ತಪ್ಪು ಭಂಗಿಯನ್ನು ಕಣ್ಣೆದುರು ಕಂಡು ಸುಮ್ಮನಿರುವುದು ಅವರಿಂದ ಆಗದ ಕೆಲಸ. ಗೆರೆಯವರೆಗೆ ಬಂದರು. ಗೆರೆಯ ಹೊರಗಿನಿಂದಲೇ ಒಬ್ಬೊಬ್ಬರ ಹೆಸರು ಹಿಡಿದು ಕಾಲು, ಮೊಣಕೈ, ಗದ್ದ ಸರಿಪಡಿಸಿದರು. ನಾಲ್ಕು ಮಾತಿನಲ್ಲಿ ನಾವು ಮತ್ತೆ ಒಂದು ತಂಡವಾದೆವು. ಆಮೇಲೆ ಮೋಟಾರಿನ ಮೆಟ್ಟಿಲು ಹತ್ತಿ ಟವೆಲು ಮೇಲೆತ್ತಿದರು. “ನಾ ಇದನ್ನ ಕೆಳಗ ಇಳಸೂತನಕ ಯಾರೂ ಅಳ್ಳಾಡಬ್ಯಾಡ್ರಿ,” ಎಂದರು. ಫೋಟೋಗ್ರಾಫರು ಒಂದು, ಎರಡು, ಮೂರು ಎಂದು ಎಣಿಸಿ ಕ್ಯಾಮರಾದ ಕಣ್ಣಿಗೆ ಮುಚ್ಚಳ ಹಾಕಿದರು. ನಾವು ಆಮೇಲೂ ಅಲುಗಲಿಲ್ಲ. ಟವೆಲು ಇಳಿದ ಮೇಲೆಯೇ ಉಸಿರು ಬಿಟ್ಟೆವು.

ಹದಿನೈದು ದಿನಕ್ಕೆ ಫೋಟೋಗಳು ಬಂದವು. ಹೆಡ್‌ಮಾಸ್ತರರು ನಮ್ಮನ್ನೆಲ್ಲ ಕೋಣೆಗೆ ಕರೆಸಿದರು. ಶೇಟರೂ ಡ್ರಿಲ್ ಮಾಸ್ತರರೂ ಅಲ್ಲಿದ್ದರು. ಆಟದ ಫೋಟೋ ಬಹಳ ಚೆನ್ನಾಗಿ ಬಂದಿತ್ತು. ಒಂದು ಕೈ ಮಸುಕಿಲ್ಲ, ಒಂದು ಕಾಲು ಮಸುಕಿಲ್ಲ. ಆದರೆ ಮುಟ್ಟಲು ಬಂದ ಗಣಪತಿ ನಮ್ಮನ್ನು ನೋಡುತ್ತಿಲ್ಲ, ಅವನನ್ನು ಹಿಡಿಯಬೇಕಾದ ನಾವು ಅವನನ್ನು ನೋಡುತ್ತಿಲ್ಲ. ಎಲ್ಲರ ಕಣ್ಣೂ ಬಲಕ್ಕೆ, ಫೋಟೋದ ಆಚೆಗೆ. ಶೇಟರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಕೊನೆಗೆ ಡ್ರಿಲ್ ಮಾಸ್ತರರ ಕಡೆ ತಿರುಗಿ, ಇವರೆಲ್ಲ ಯಾರನ್ನು ನೋಡುತ್ತಿದ್ದಾರೆ ಎಂದು ಕೇಳಿದರು.

ಮಂಗ ಬಂದಿತ್ತು ಎನ್ನಬಹುದಿತ್ತು. ನನ್ನ ಬಾಯಲ್ಲಿ ಆ ಮಂಗ ಸಿದ್ಧವಾಗಿಯೇ ಇತ್ತು. ಡ್ರಿಲ್ ಮಾಸ್ತರರು ಕೊರಳಿನ ಸೀಟಿಯನ್ನು ಕೈಯಲ್ಲಿ ತಿರುಗಿಸುತ್ತ, “ಅವರಿಗೆ ಆಟ ಕಲಿಸಿದವರನ್ನ. ನಾನು ಬರೀ ಸೀಟಿ ಇಟ್ಟುಕೊಂಡವ ಶೇಟ್ರೆ. ಕಲಿಸಿದ್ದು ನಿಮ್ಮ ಖಾದರ,” ಎಂದರು. ಅವರು ಹೊಗಳಬೇಕೆಂದೇ ಹೇಳಿದರು. ಬೇರೆಯವರ ಕುರ್ಚಿಯಲ್ಲಿ ಕೂತು ಫೋಟೋ ತೆಗೆಸಿಕೊಂಡ ಸಂಕಟ ಅವರಿಗೆ ಹದಿನೈದು ದಿನದಿಂದಲೂ ಇದ್ದಿರಬೇಕು. ಅವರು ಸುಳ್ಳು ಹೇಳಿದ್ದರೆ ಒಳ್ಳೆಯದಿತ್ತೇ ಎಂಬುದನ್ನು ನಾನು ಈ ವಯಸ್ಸಿನವರೆಗೂ ತೀರ್ಮಾನಿಸಲಾರದೆ ಹೋಗಿದ್ದೇನೆ.

ಶೇಟರ ಹುಬ್ಬು ಗಂಟಾಯಿತು. ಮೋಟಾರು ತೊಳೆಯುವ ಹೊತ್ತಿನಲ್ಲಿ ಆಟವೇ ಎಂದರು. ಆಗ ನಾನು ಮಾಡಿದ ಕೆಲಸ ಕೇಳಿ. ಸಾಬರನ್ನು ಉಳಿಸಬೇಕೆಂಬ ಅವಸರದಲ್ಲಿ ಒಂದು ಹೆಜ್ಜೆ ಮುಂದೆ ಬಂದು, ಅವರ ಕೆಲಸ ಒಂದಿಷ್ಟೂ ಕೆಟ್ಟಿಲ್ಲ, ಮೋಟಾರನ್ನು ದಿನವೂ ನಾವೇ ತಿಕ್ಕಿ ತೊಳೆದಿದ್ದೇವೆ ಎಂದು ಹೆಮ್ಮೆಯಿಂದ ಹೇಳಿಬಿಟ್ಟೆ. ಗಣಪತಿ ನನ್ನ ಅಂಗಿ ಜಗ್ಗಿದ. ತಡವಾಗಿತ್ತು. ಶೇಟರು ಕುರ್ಚಿಯಲ್ಲಿ ಕುಸಿದು ಕೂತರು. “ಹುಲಗೋಳದ ಹೆಗಡೇರ ಮಗ ನನ್ನ ಮೋಟಾರು ತೊಳೆಯೋದಾ? ನಿಮ್ಮ ಅಪ್ಪಯ್ಯಂಗೆ ನಾನು ಮುಖ ತೋರಿಸೋದು ಹ್ಯಾಗೆ?” ಎಂದರು. ಕಳೆದುಹೋದ ಸಂಜೆಗಳ ಸಿಟ್ಟು ಅವರಿಗೆ ಅಲ್ಲಿಗೇ ಮರೆತುಹೋಯಿತು. ನಮ್ಮ ಅಪ್ಪಂದಿರ ಅಡಿಕೆಯೆಲ್ಲ ಅವರ ಅಂಗಡಿಗೇ ಬರುತ್ತಿತ್ತು. ಅವರ ಹೆದರಿಕೆ ಅವರಿಗೆ.

ಶೇಟರು ಕೆಟ್ಟವರಲ್ಲ. ಸಾಬರನ್ನು ಕೆಲಸದಿಂದ ತೆಗೆಯಲಿಲ್ಲ. ಸೋಮವಾರದಿಂದ ಸಿದ್ದಾಪುರದ ಲೈನಿಗೆ ಹಾಕಿದರು. ಆ ಮೋಟಾರು ಸಂಜೆ ಸಿದ್ದಾಪುರದಲ್ಲೇ ಉಳಿದು ಬೆಳಿಗ್ಗೆ ಮರಳುತ್ತದೆ. ಅಂದರೆ ನಮ್ಮ ಬಯಲಿಗೆ ಅವರು ಇನ್ನು ಬರುವಂತಿಲ್ಲ. ಇದು ನನ್ನ ಬಾಯಿಯಿಂದಾದದ್ದು. ಯಾರೂ ನನ್ನನ್ನು ಬೈಯಲಿಲ್ಲ, ಅದೇ ನನಗೆ ತಡೆಯಲಾರದ್ದಾಯಿತು. ಶನಿವಾರ ಸಂಜೆ ಸಾಬರು ಕೊನೆಯ ಸಲ ಬಂದಾಗ ನಾನು ಮೋಟಾರಿನ ಹಿಂದೆ ನಿಂತು ಅತ್ತುಬಿಟ್ಟೆ. ಅವರು ಬಂದು, ನಾಲ್ಕು ಮಕ್ಕಳ ಅನ್ನ ಉಳಿದಿದೆ, ಅಳುವಂಥದ್ದೇನೂ ಆಗಿಲ್ಲ ಎಂದರು. ಬಕೆಟ್ಟು ಮುಟ್ಟಲು ಬಿಡಲಿಲ್ಲ.

ಆ ದಿನ ಆಟಕ್ಕೆ ಮನಸ್ಸಿರಲಿಲ್ಲ. ಎಲ್ಲರೂ ಗೆರೆಯ ಬಳಿ ಕೂತಿದ್ದೆವು. ಈಗ ಕೇಳದಿದ್ದರೆ ಇನ್ನೆಂದೂ ಕೇಳುವಂತಿಲ್ಲವೆಂದು ಎಲ್ಲರ ತಲೆಯಲ್ಲೂ ಅದೇ ಪ್ರಶ್ನೆಯಿತ್ತು. “ಆನು ಕೇಳ್ತೆ,” ಎಂದು ಗಣಪತಿ ಎದ್ದ. ನೀವೇಕೆ ಒಂದು ದಿನವೂ ಒಳಗೆ ಬಂದು ಆಡಿ ತೋರಿಸಲಿಲ್ಲ ಎಂದು ಕೇಳಿಯೇಬಿಟ್ಟ. ನಾನು ನೆಲ ನೋಡುತ್ತ ಕೂತೆ. ಮಡಿಯ ಮಾತು ಅವರ ಬಾಯಿಂದ ಬಂದರೆ ಏನು ಹೇಳುವುದೆಂದು ನನಗೆ ದಿಗಿಲು.

ಸಾಬರು ಟವೆಲಿನಿಂದ ಮುಖ ಒರೆಸಿಕೊಂಡರು. “ನನಗ ಆಡಲಿಕ್ಕೆ ಬರೂದಿಲ್ರಿ. ನಾ ಒಂದ್ ದಿವಸಾನೂ ಆಡಿಲ್ಲ,” ಎಂದರು.

ನಾವು ನಂಬಲಿಲ್ಲ. ಅವರು ಮೆಲ್ಲಗೆ ಹೇಳುತ್ತ ಹೋದರು. ಹುಡುಗರಾಗಿದ್ದಾಗ ವರ್ಷಕ್ಕೆ ಎಂಟು ತಿಂಗಳು ಚಳಿಜ್ವರ. ಹೊಟ್ಟೆಯಲ್ಲಿ ಗಡ್ಡೆ ಕಟ್ಟಿತ್ತು. ಓಡಿದರೆ ಸಾಯುತ್ತೀ ಎಂದು ತಾಯಿ ಹೊರಗೆ ಬಿಡುತ್ತಿರಲಿಲ್ಲ. ಉಸಿರು ಈಗಲೂ ಗಿಡ್ಡ. ಮೋಟಾರು ಹಿಡಿದ ಮೇಲೆ, ಏರಿನಲ್ಲಿ ಎಂಜಿನು ಕಾದಾಗಲೆಲ್ಲ ಯಾವುದಾದರೂ ಊರಿನ ಬಳಿ ನಿಲ್ಲಿಸಿ ನೀರು ಹೊಯ್ಯಬೇಕಾಗುತ್ತಿತ್ತು. ಊರಿದ್ದಲ್ಲಿ ಬಯಲು, ಬಯಲಿದ್ದಲ್ಲಿ ಹುತುತು. ಎಂಜಿನು ತಣಿಯುವವರೆಗೆ ನೋಡುತ್ತಿದ್ದರು. “ಒಂದ್ ಊರಾಗ ಆಟದ ಸುರು ನೋಡಿದ್ರ, ಇನ್ನೊಂದ್ ಊರಾಗ ಮುಗಿಯೂದು ನೋಡತಿದ್ದೆ. ನಡುವಿಂದು ನಾನಽ ಕೂಡಿಸಿಕೊಂಡೆ,” ಎಂದರು. ಹೀಗೆ ಹನ್ನೊಂದು ವರ್ಷ. ನಾವು ಯಲ್ಲಾಪುರದಲ್ಲಿ ಗೆದ್ದ ಆಟ ಹುಬ್ಬಳ್ಳಿಯಿಂದ ಶಿರಸಿಯ ದಾರಿಯುದ್ದಕ್ಕೂ ತುಂಡುತುಂಡಾಗಿ ಬಿದ್ದಿತ್ತು. ಒಬ್ಬ ಮನುಷ್ಯ ಅದನ್ನು ಆರಿಸಿ ತಂದು ನಮಗೆ ಕೊಟ್ಟಿದ್ದ.

ಗಣಪತಿ ಹೋಗಿ ಅವರ ಕೈ ಹಿಡಿದು ಎಳೆದ. ಅವರು ಬೇಡ ಬೇಡ ಎನ್ನುತ್ತಲೇ ಕಾಲಿನ ಜೋಡು ಬಿಚ್ಚಿದರು. ಗೆರೆಯ ಬಳಿ ಒಂದು ಕ್ಷಣ ನಿಂತು ದೀರ್ಘವಾಗಿ ಉಸಿರು ತೆಗೆದುಕೊಂಡರು. ಆಮೇಲೆ ‘ಹುತುತುತು’ ಎನ್ನುತ್ತ ನಮ್ಮ ಅಂಗಳದೊಳಗೆ ಬಂದರು. ನಲವತ್ತು ದಾಟಿದವರು, ಖಾಕಿ ಪ್ಯಾಂಟು ಮಡಚಿಕೊಂಡು, ನಾವು ಮಾಡಿದರೆ ಅವರು ಬೈಯುತ್ತಿದ್ದ ತಪ್ಪುಗಳನ್ನೆಲ್ಲ ಒಂದೊಂದಾಗಿ ಮಾಡುತ್ತ ಬಂದರು. ನಾಲ್ಕು ಹೆಜ್ಜೆಗೆ ದನಿ ತೆಳುವಾಯಿತು. ಆದರೂ ನನ್ನ ಪಕ್ಕದವನ ಭುಜ ಮುಟ್ಟಿಯೇ ಮುಟ್ಟಿದರು, ಮುಟ್ಟಿ ತಿರುಗಿದರು. ಅವರ ಹಿಮ್ಮಡಿ ನನ್ನ ಮುಂದೆಯೇ ಇತ್ತು.

ಬಿಟ್ಟುಬಿಡೋಣ ಎಂದು ಒಂದು ಗಳಿಗೆ ಅನಿಸಿತು. ಆದರೆ ಬಿಟ್ಟರೆ ಅವರಿಗೆ ಗೊತ್ತಾಗುತ್ತಿತ್ತು. ಆ ಅಂಗಳದಲ್ಲಿ ಅವರ ಕಣ್ಣು ತಪ್ಪಿಸಿ ಯಾರೂ ಏನೂ ಮಾಡಿದ್ದಿಲ್ಲ. ನಾನು ಅವರ ಹಿಮ್ಮಡಿ ಹಿಡಿದೆ, ಅವರು ಕೈಯಲ್ಲಿ ತೋರಿಸಿದ್ದ ಹಾಗೆ, ಹೆಬ್ಬೆರಳು ಒಳಕ್ಕೆ ಮಾಡಿ. ಗಣಪತಿ ಸೊಂಟಕ್ಕೆ ಬಿದ್ದ. ಉಳಿದವರೆಲ್ಲ ಮೇಲೆ ಬಿದ್ದರು. ನಮ್ಮೆಲ್ಲರ ಅಡಿಯಿಂದ ‘ಹುತುತು’ ಇನ್ನೂ ಸಣ್ಣಗೆ ಬರುತ್ತಲೇ ಇತ್ತು. ಗೆರೆ ಒಂದು ಮೊಳ ದೂರವಿತ್ತು. ಅವರು ಕೈ ಚಾಚಿದರು. ನಾವು ಇನ್ನಷ್ಟು ಬಿಗಿಯಾಗಿ ಹಿಡಿದೆವು. ಬೆರಳು ಮಣ್ಣು ಕೆದರಿತು, ಗೆರೆ ಸಿಗಲಿಲ್ಲ, ಸದ್ದು ನಿಂತಿತು.

“ಔಟಾದೆ ನಾ,” ಎಂದರು ಖಾದರ ಸಾಬರು, ಮಣ್ಣಿನಲ್ಲಿ ಮಲಗಿಕೊಂಡೇ. ಅಷ್ಟು ಸಂತೋಷದಿಂದ ಔಟಾದ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ.